ಹಿತ್ತಲ ಸಂದಿಯಲ್ಲಿ ಚೌಕಾಬಾರ: ಪಾಳುಬಿದ್ದ ಗಲ್ಲಿಯನ್ನು ಅಕ್ಕಪಕ್ಕದವರೇ ಸರಿ ಮಾಡಿಕೊಳ್ಳುವ ಬಗೆ

ಗೋಡೆಗೆ ಚಿತ್ರ ಬರೆದರೆ ಕಸ ನಿಲ್ಲುತ್ತದೆ ಎಂದು ನಂಬಿ ಬಹಳ ಜನ ಕೆಲಸ ಶುರು ಮಾಡುತ್ತಾರೆ. ಕೆಲವೇ ತಿಂಗಳಲ್ಲಿ ಆ ಚಿತ್ರದ ಬುಡದಲ್ಲೇ ಕಸದ ಚೀಲ ಕೂತಿರುತ್ತದೆ. ನಾನು ಸರ್ಕಾರಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಬಣ್ಣ ಅಂದ್ರೆ ಪ್ರಾಣ. ಆದರೂ ಹೇಳುತ್ತೇನೆ, ಬಣ್ಣದ ಡಬ್ಬವನ್ನು ಕೊನೆಗೆ ತನ್ನಿ. ದಿನಾ ಯಾರಾದರೂ ಬಂದು ಕೂರುವ ಜಾಗ ತಾನಾಗಿ ಚೊಕ್ಕಟವಾಗಿರುತ್ತದೆ. ಅವರು ಬಂದು ಕೂರಲು ಒಂದು ಕಾರಣ ಮಾಡಿಕೊಡುವುದೇ ನಮ್ಮ ಕಲೆಯ ಕೆಲಸ.

ಬೆಂಗಳೂರಿನ ಹಳೇ ಬಡಾವಣೆಯೊಂದರಲ್ಲಿ, ನಮ್ಮ ಮನೆಯ ಹಿಂದಿನ ಕನ್ಸರ್ವೆನ್ಸಿ ಸಂದಿಯಲ್ಲಿ, ಅಂದರೆ ಎರಡು ಮನೆಸಾಲುಗಳ ಬೆನ್ನಿನ ನಡುವಿನ ಕಿರುದಾರಿಯಲ್ಲಿ, ನೆರೆಹೊರೆಯವರೆಲ್ಲ ಸೇರಿ ಮಾಡಿದ ಕೆಲಸದಿಂದ ನನಗೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಊರಿನ ಗಲ್ಲಿ, ಬಸ್ ಸ್ಟಾಂಡ್ ಮೂಲೆ, ಫ್ಲೈಓವರ್ ಕೆಳಗಿನ ಜಾಗಕ್ಕೂ ಇದರಲ್ಲಿ ಬಹುಪಾಲು ಹೊಂದುತ್ತದೆ.

ಜಾಗದ ಕಥೆ ಮೊದಲು ಗೊತ್ತಿರಲಿ

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಕಿಕ್ಕಿರಿದ ಪೇಟೆಯಿಂದ ಜನ ಹೊರಗೆ ಬಂದರು. ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು ಆ ಕಾಲದಲ್ಲಿ. ಅಗಲವಾದ ರಸ್ತೆ, ಗಾಳಿ ಬೆಳಕಿನ ಮನೆ, ಜೊತೆಗೆ ಎರಡು ಮನೆಸಾಲುಗಳ ಹಿಂಭಾಗದ ನಡುವೆ ಒಂದು ಕಿರಿದಾದ ಸಂದಿ. ಆ ಸಂದಿ ಯಾಕೆ? ಹಿತ್ತಲಿನ ಕಕ್ಕಸಿನಿಂದ ಮಲ ಎತ್ತಿಕೊಂಡು ಹೋಗುವವರು ಮನೆಯ ಮುಂದೆ ಕಾಣಿಸಿಕೊಳ್ಳದೆ ಹಿಂದಿನಿಂದಲೇ ಬಂದು ಹೋಗಲಿ ಅಂತ.

ಇದನ್ನು ನಾನು ಮಕ್ಕಳಿಗೂ ಮುಚ್ಚಿಡದೆ ಹೇಳುತ್ತೇನೆ. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಒಳಚರಂಡಿ ಬಂದ ಮೇಲೆ ಸಂದಿಗಳಿಗೆ ಕೆಲಸ ಇಲ್ಲದಾಯಿತು. ಯಾರ ಮನೆಯ ಬಾಗಿಲೂ ಅತ್ತ ತೆರೆಯುವುದಿಲ್ಲ. ಹಾಗಾಗಿ ಅದು ಯಾರದ್ದೂ ಅಲ್ಲದ ಜಾಗವಾಯಿತು. ಮುರಿದ ಕಮೋಡು, ಕಟ್ಟಡದ ಅವಶೇಷ, ಒದ್ದೆ ಕಸ, ಎಲ್ಲ ಅಲ್ಲಿಗೆ.

ಈ ಕಥೆ ಯಾಕೆ ಬೇಕು ಗೊತ್ತಾ? ಚಿತ್ರ ಬರೆದು, ಫೋಟೋ ತೆಗೆಸಿಕೊಂಡು, ಮರುದಿನದಿಂದ ಮತ್ತೆ ಪೌರಕಾರ್ಮಿಕರೇ ಬಂದು ನಮ್ಮ ಕಸ ಬಳಿಯಬೇಕು ಅಂದರೆ ಆ ಸಂದಿಯಲ್ಲಿ ಏನೂ ಬದಲಾಗಲಿಲ್ಲ ಅಂತಲೇ ಅರ್ಥ. ನಮ್ಮ ಮೊದಲ ನಿಯಮ ಇದರಿಂದಲೇ ಬಂತು. ಸಂದಿಯ ಕೆಲಸದಲ್ಲಿ ಪೌರಕಾರ್ಮಿಕರು ನಮಗೆ ಸಲಹೆ ಕೊಡುವವರು. ಅವರಿಗೆ ಒಂದು ಗಂಟೆಯ ಹೆಚ್ಚಿನ ದುಡಿಮೆಯನ್ನೂ ಹೊರಿಸಬಾರದು.

ಒಂದು ವಾರ ಸುಮ್ನೆ ನೋಡಿ

ಮೊದಲ ವಾರ ಪೊರಕೆ ಮುಟ್ಟಬೇಡಿ. ಬೆಳಗಿನ ಜಾವ, ಮಧ್ಯಾಹ್ನ, ರಾತ್ರಿ ಊಟದ ಹೊತ್ತು, ಹೀಗೆ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ನಿಂತು ನೋಡಿ. ಕಸ ಹಾಕುವವರು ಕೆಟ್ಟವರು ಎಂಬ ತೀರ್ಮಾನವನ್ನು ಮನೆಯಲ್ಲೇ ಬಿಟ್ಟು ಬನ್ನಿ. ಪ್ರತಿಯೊಬ್ಬರಿಗೂ ಒಂದು ಕಾರಣ ಇರುತ್ತದೆ, ಮತ್ತು ಆ ಕಾರಣಗಳಿಗೆ ಸಾಮಾನ್ಯವಾಗಿ ಸುಲಭದ ಪರಿಹಾರ ಇರುತ್ತದೆ.

ನಮ್ಮಲ್ಲಿ ಕಂಡದ್ದು ಇಷ್ಟು. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಕಸದ ಆಟೋ ಬರುವ ಮೊದಲೇ ಮನೆ ಬಿಡುತ್ತಾರೆ. ಮನೆಯೊಳಗೆ ಒದ್ದೆ ಕಸ ಇಟ್ಟು ಹೋದರೆ ಸಂಜೆಗೆ ನಾರುತ್ತದೆ. ಬೇರೆ ದಾರಿ ಇಲ್ಲದೆ ಸಂದಿಗೆ ಎಸೆಯುತ್ತಾರೆ. ಪಿಜಿಯಲ್ಲಿರುವ ಹುಡುಗರಿಗೆ ಆಟೋ ಯಾವಾಗ ಬರುತ್ತದೆ ಎಂದೇ ಗೊತ್ತಿರಲಿಲ್ಲ. ಮನೆ ರಿಪೇರಿ ಮಾಡಿಸಿದವರ ಮೇಸ್ತ್ರಿ ಮಣ್ಣು ಸುರಿದು ಹೋಗುತ್ತಿದ್ದ. ದೊಡ್ಡ ರಸ್ತೆಯ ಆಟೋ ಚಾಲಕರಿಗೆ ಹತ್ತಿರದಲ್ಲಿ ಶೌಚಾಲಯ ಇರಲಿಲ್ಲ.

ಮೊದಲನೆಯದಕ್ಕೆ ಉತ್ತರ ತೀರಾ ಸರಳ. ಸಂದಿಯ ಬಾಯಲ್ಲಿರುವ ಮನೆಯವರು ಗೇಟಿನೊಳಗೆ ಮುಚ್ಚಳ ಇರುವ ಎರಡು ಡ್ರಮ್ ಇಡಲು ಒಪ್ಪಿದರು. ಒಂದು ಹಸಿ ಕಸಕ್ಕೆ, ಒಂದು ಒಣ ಕಸಕ್ಕೆ. ಬೆಳಗ್ಗೆ ಬೇಗ ಹೋಗುವವರು ಅಲ್ಲಿ ಹಾಕಿ ಹೋಗುತ್ತಾರೆ. ಆಟೋ ಬಂದಾಗ ಸರದಿಯಲ್ಲಿ ಒಬ್ಬರು ಕೊಡುತ್ತಾರೆ. ಎಸೆಯುವುದು ಅರ್ಧಕ್ಕರ್ಧ ಕಡಿಮೆಯಾದದ್ದು ಇದರಿಂದಲೇ, ಬಣ್ಣ ಬಳಿಯುವ ಎಷ್ಟೋ ಮೊದಲು.

ನೋಡುವ ವಾರದಲ್ಲೇ ನಕ್ಷೆ ಬರೆಯಿರಿ. ಮಕ್ಕಳ ಕೈಯಲ್ಲಿ ಬರೆಸಿ, ಅಜ್ಜಿಯರ ಕೈಯಲ್ಲೂ ಬರೆಸಿ. ಹತ್ತು ವರ್ಷದ ಹುಡುಗಿ ನಾಯಿ ಮಲಗುವ ಜಾಗ, ಚೆಂಡು ಕಳೆದುಹೋಗುವ ಮೋರಿ, ಕತ್ತಲಾದ ಮೇಲೆ ಓಡಿ ದಾಟುವ ಮೂಲೆ ಗುರುತು ಮಾಡುತ್ತಾಳೆ. ಅಜ್ಜಿ ಕಾಲು ಜಾರುವ ಕಲ್ಲು ತೋರಿಸುತ್ತಾರೆ. ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕ ಅಕ್ಕ ಇಡೀ ಸಂದಿಯಲ್ಲಿ ಯಾವ ದಿನ ಎಲ್ಲಿ ಏನು ಬಿದ್ದಿರುತ್ತದೆ ಎಂದು ಬಾಯಲ್ಲೇ ಹೇಳಿದರು. ಆ ಮಾತನ್ನು ಬರೆದುಕೊಂಡೆವು. ನಮ್ಮ ಬಳಿ ಇದ್ದ ಅತ್ಯುತ್ತಮ ದಾಖಲೆ ಅದೇ.

ಕಾಗದ ಪತ್ರ

ಬೇಸರದ ಕೆಲಸ, ಆದರೆ ಬಿಡುವ ಹಾಗಿಲ್ಲ. ಸಂದಿಯ ನೆಲ ಪಾಲಿಕೆಯದು, ಗೋಡೆ ಮನೆಯವರದು. ಸಾರ್ವಜನಿಕ ಜಾಗದಲ್ಲಿ ಬರೆಯುವುದು, ಅಂಟಿಸುವುದರ ಬಗ್ಗೆ ಕರ್ನಾಟಕದಲ್ಲಿ 1981ರ ಕಾಯ್ದೆಯೊಂದು ಇದೆ, ತೆರೆದ ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ ಕಾಯ್ದೆ. ಒಳ್ಳೆಯ ಉದ್ದೇಶದ ಚಿತ್ರವಾದರೂ ಅನುಮತಿ ಇದ್ದರೆ ಒಳ್ಳೆಯದು.

ಪ್ರತಿ ಗೋಡೆಯ ಮಾಲೀಕರಿಂದ ಒಂದು ಪುಟದ ಒಪ್ಪಿಗೆ ಬರೆಸಿಕೊಳ್ಳಿ. ಯಾವ ಗೋಡೆ, ಎಷ್ಟು ಎತ್ತರ, ಏನು ಬರೆಯುತ್ತೀರಿ, ಎಷ್ಟು ವರ್ಷ ಇರುತ್ತದೆ, ಅಷ್ಟು ಸಾಕು. ವಾರ್ಡಿನ ಎಂಜಿನಿಯರ್‌ಗೆ ಮತ್ತು ಕಸ ವಿಲೇವಾರಿ ನೋಡಿಕೊಳ್ಳುವವರಿಗೆ ಅರ್ಜಿ ಕೊಟ್ಟು ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಬೆಂಗಳೂರಿನವರಾದರೆ ಒಂದು ಮಾತು. 2025ರ ಸೆಪ್ಟೆಂಬರ್‌ನಿಂದ ಒಂದು ಪಾಲಿಕೆ ಹೋಗಿ ಐದು ಪಾಲಿಕೆಗಳಾಗಿವೆ. ನಿಮ್ಮ ಬೀದಿ ಈಗ ಯಾವುದರಲ್ಲಿದೆ ಎಂದು ನೋಡಿಕೊಂಡೇ ಅರ್ಜಿಯ ತಲೆಬರಹ ಬರೆಯಿರಿ.

ಅರ್ಜಿ ಕೊಡುವಾಗ ಒಂದು ಪ್ರಶ್ನೆ ಕೇಳಲೇಬೇಕು. ಈ ಸಂದಿಯಲ್ಲಿ ನೀರು, ಒಳಚರಂಡಿ, ಗ್ಯಾಸ್ ಅಥವಾ ಕೇಬಲ್‌ಗಾಗಿ ಅಗೆಯುವ ಯೋಜನೆ ಇದೆಯಾ? ಇದ್ದರೆ ನೆಲದ ಕೆಲಸವನ್ನು ಅದು ಮುಗಿಯುವವರೆಗೆ ಕಾಯಿಸಿ. ಗೋಡೆ ಮಾತ್ರ ಮಾಡಿ.

ಚೊಕ್ಕಟ ಮಾಡುವ ದಿನ

ಬೆಂಗಳೂರಿನ 'ದಿ ಅಗ್ಲಿ ಇಂಡಿಯನ್' ಗುಂಪು 2010ರಿಂದ ಕಸದ ಮೂಲೆಗಳನ್ನು ಸರಿ ಮಾಡುತ್ತಾ ಬಂದಿದೆ. ಯಾರೂ ಹೆಸರು ಹೇಳಿಕೊಳ್ಳುವುದಿಲ್ಲ, ಭಾಷಣ ಇಲ್ಲ. 'ಕಾಮ್ ಚಾಲೂ, ಮೂಹ್ ಬಂದ್' (ಕೆಲಸ ಶುರು, ಬಾಯಿ ಬಂದ್) ಅನ್ನುವುದು ಅವರ ಮಾತು. ಅವರಿಂದ ನಾವು ಕಲಿತದ್ದು ಎರಡು. ಒಂದು, ಜಾಗವನ್ನು ಒಂದೇ ಬೀಸಿಗೆ ಮುಗಿಸುವುದು. ಬೆಳಗ್ಗೆ ಕಸ ಎಸೆದು ಹೋದವರು ಸಂಜೆ ಬರುವಷ್ಟರಲ್ಲಿ ಜಾಗ ಗುರುತು ಸಿಗದಂತೆ ಆಗಿರಬೇಕು. ಅರ್ಧ ಗುಡಿಸಿ ಬಿಟ್ಟ ಜಾಗಕ್ಕೆ ಅಂದೇ ರಾತ್ರಿ ಕಸ ಬೀಳುತ್ತದೆ. ಇನ್ನೊಂದು, ಗೋಡೆಯ ಕೆಳಭಾಗಕ್ಕೆ ಕೆಮ್ಮಣ್ಣಿನ ಬಣ್ಣ. ಎಲೆಅಡಿಕೆ, ಗುಟ್ಕಾ ಉಗುಳಿದರೂ ಎದ್ದು ಕಾಣುವುದಿಲ್ಲ, ಮಳೆಯ ಕೆಸರು ಸಿಡಿದರೂ ಕಾಣುವುದಿಲ್ಲ. ನೆಲದಿಂದ ಮೂರು ಅಡಿವರೆಗೆ ಇರಲಿ.

ಮಂಗಳೂರಿನಲ್ಲಿ ರಾಮಕೃಷ್ಣ ಮಿಷನ್‌ನವರ ಭಾನುವಾರದ ಶ್ರಮದಾನ ಕಂಡವರಿಗೆ ಇನ್ನೊಂದು ಸಂಗತಿ ಗೊತ್ತಿರುತ್ತದೆ. ದಿನ ಮತ್ತು ಹೊತ್ತು ಬದಲಾಗದೆ ಇದ್ದರೆ ಜನ ತಾವಾಗಿ ಸೇರುತ್ತಾರೆ. ಭಾನುವಾರ ಬೆಳಗ್ಗೆ ಆರೂವರೆಗೆ ಶುರು ಮಾಡಿ, ಬಿಸಿಲೇರುವ ಮೊದಲು ಭಾರದ ಕೆಲಸ ಮುಗಿಸಿ. ಸಲಿಕೆ, ಗುದ್ದಲಿ, ಬಾಂಡ್ಲಿ, ಗೋಣಿಚೀಲ, ಪೊರಕೆ ಬೇಕು. ಕೈಗೆ ದಪ್ಪ ರಬ್ಬರ್ ಗ್ಲೌಸ್, ಕಾಲಿಗೆ ಗಮ್ ಬೂಟು ಇಲ್ಲದವರನ್ನು ಕಸದೊಳಗೆ ಇಳಿಸಬೇಡಿ. ಗಾಜು, ಬ್ಲೇಡು, ಸಿರಿಂಜು ಸಿಕ್ಕೇ ಸಿಗುತ್ತವೆ. ಅವಕ್ಕೆ ಪ್ರತ್ಯೇಕ ಪ್ಲಾಸ್ಟಿಕ್ ಡಬ್ಬ ಇರಲಿ. ಮಕ್ಕಳು ಈ ಹಂತದಲ್ಲಿ ಬೇಡ. ಮ್ಯಾನ್‌ಹೋಲ್ ಮುಚ್ಚಳ ತೆರೆಯಲೇಬೇಡಿ, ದುಡ್ಡು ಕೊಟ್ಟು ಯಾರನ್ನೂ ಒಳಗೆ ಇಳಿಸಬೇಡಿ. ಮಲ ಬಳಿಯುವ ಕೆಲಸಕ್ಕೆ ಮನುಷ್ಯರನ್ನು ಹಚ್ಚುವುದನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಹಾಗೆ ಇಳಿಸುವುದು ಅಪರಾಧ. ಅದಕ್ಕಿಂತ ಹೆಚ್ಚಾಗಿ ಅದರಿಂದ ಜೀವ ಹೋಗುತ್ತದೆ. ಕಟ್ಟಿಕೊಂಡಿದ್ದರೆ ಜಲಮಂಡಳಿಗೆ ದೂರು ಕೊಟ್ಟು ಯಂತ್ರ ಬರುವವರೆಗೆ ಕಾಯಿರಿ.

ನಾವು ಸರಿ ಮಾಡಬಾರದ, ಸರ್ಕಾರವೇ ಸರಿ ಮಾಡಬೇಕಾದ ವಿಷಯಗಳಿಗೂ ಕಲೆ ನೆರವಾಗುತ್ತದೆ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ನಿಜದ ಗಾತ್ರದ ಮೊಸಳೆಯನ್ನು ಇಟ್ಟರು. ಊರೆಲ್ಲ ನೋಡಿತು, ಗುಂಡಿಯ ರಿಪೇರಿಯೂ ಆಯಿತು. ನಮ್ಮ ಮಕ್ಕಳು ಮುರಿದ ಚಪ್ಪಡಿಯ ಸುತ್ತ ಹಳದಿ ಬಣ್ಣದಲ್ಲಿ ದೊಡ್ಡ ಬಾಯಿ ಬರೆದರು. ನಡೆಯುವವರಿಗೆ ಎಚ್ಚರಿಕೆಯೂ ಆಯಿತು, ದೂರಿಗೆ ಒಳ್ಳೆಯ ಫೋಟೋವೂ ಆಯಿತು.

ಗೋಡೆ

ಈಗ ಬಣ್ಣದ ಡಬ್ಬ ತೆರೆಯಬಹುದು. ಅದಕ್ಕೂ ಮುಂಚೆ ಗೋಡೆ ಯಾವುದರದ್ದು ನೋಡಿ. ಹಳೇ ಮನೆಗಳ ಕಾಂಪೌಂಡ್ ಸುಣ್ಣದ ಗಾರೆಯದಾಗಿದ್ದರೆ ಎಮಲ್ಷನ್ ಬಳಿಯಬೇಡಿ. ಒಳಗಿನ ತೇವ ಹೊರಗೆ ಬರಲಾಗದೆ ಬಣ್ಣ ಹಪ್ಪಳದಂತೆ ಏಳುತ್ತದೆ. ಅಂಥ ಗೋಡೆಗೆ ಸುಣ್ಣವೇ ಸರಿ, ಬೇಕಾದರೆ ರೆಡ್ ಆಕ್ಸೈಡ್ ಪುಡಿ ಕಲಸಿದ ಸುಣ್ಣ. ಸಿಮೆಂಟ್ ಗೋಡೆಯಾದರೆ ತಂತಿ ಬ್ರಷ್‌ನಿಂದ ಪಾಚಿ, ಹಳೇ ಪೋಸ್ಟರ್, ಬಿಳಿ ಉಪ್ಪು ಎಲ್ಲ ಕೆರೆದು ತೆಗೆಯಿರಿ. ತೊಳೆದು ಚೆನ್ನಾಗಿ ಒಣಗಿಸಿ. ಹೊರಗೋಡೆಯ ಪ್ರೈಮರ್ ಒಂದು ಕೋಟ್, ಮೇಲೆ ಎಕ್ಸ್‌ಟೀರಿಯರ್ ಎಮಲ್ಷನ್ ಎರಡು ಕೋಟ್. ಎರಡು ಕೋಟ್‌ಗೆ ಒಂದು ಲೀಟರ್ ಸುಮಾರು 50 ಚದರಡಿಗೆ ಬರುತ್ತದೆ. 300 ಚದರಡಿಗೆ ಆರು ಲೀಟರ್ ಲೆಕ್ಕ ಇಟ್ಟುಕೊಳ್ಳಿ. ಹೊಸದಾಗಿ ಪ್ಲಾಸ್ಟರ್ ಮಾಡಿಸಿದ್ದರೆ ತಿಂಗಳಾದರೂ ಬಿಡಬೇಕು. ಜನವರಿಯಿಂದ ಮಾರ್ಚ್‌ವರೆಗೆ ಈ ಕೆಲಸಕ್ಕೆ ಒಳ್ಳೆ ಕಾಲ.

ಏನು ಬರೆಯಬೇಕು ಎಂಬುದಕ್ಕೆ ಜಗಳ ಬರುತ್ತದೆ, ಬರಲಿ. ನಾಯಕರ ಮುಖ, ನಟರ ಮುಖ, ದೇವರ ಚಿತ್ರ ಬೇಡ ಎಂದು ನಾನು ಗಟ್ಟಿಯಾಗಿ ಹೇಳಿದೆ. ಮೂತ್ರ ಮಾಡದಿರಲಿ ಎಂದು ದೇವರ ಟೈಲ್ಸ್ ಅಂಟಿಸುವ ರೂಢಿ ನನಗೆ ಒಪ್ಪಿಗೆಯಿಲ್ಲ. ಅದು ದೇವರಿಗೂ ಮರ್ಯಾದೆಯಲ್ಲ, ಶೌಚಾಲಯ ಇಲ್ಲದ ಮನುಷ್ಯನಿಗೂ ಉತ್ತರವಲ್ಲ. ಹತ್ತಿರದ ಶೌಚಾಲಯಕ್ಕೆ ಬಾಣದ ಗುರುತು ಬರೆಯಿರಿ. ಇಲ್ಲದಿದ್ದರೆ ಶೌಚಾಲಯಕ್ಕಾಗಿ ಅರ್ಜಿ ಹಾಕಿ.

ಎಲ್ಲರ ಕೈಗೂ ಕೆಲಸ ಬರಬೇಕಾದರೆ ತ್ರಿಕೋನ, ಚೌಕಗಳ ವಿನ್ಯಾಸವೇ ಒಳ್ಳೆಯದು. ಗಾರೆ ಕೆಲಸದವರಂತೆ ದಾರಕ್ಕೆ ಬಣ್ಣದ ಪುಡಿ ಸವರಿ ಗೋಡೆಗೆ ಹೊಡೆದರೆ ನೇರ ಗೆರೆ ಬೀಳುತ್ತದೆ. ಗೆರೆಯ ಪಕ್ಕ ಮಾಸ್ಕಿಂಗ್ ಟೇಪ್ ಹಚ್ಚಿ. ಮಧ್ಯದ ಜಾಗವನ್ನು ಐದು ವರ್ಷದ ಮಗುವೂ ತುಂಬಬಹುದು, ಎಂಬತ್ತರ ಅಜ್ಜನೂ ತುಂಬಬಹುದು. ಬಣ್ಣ ಪೂರ್ತಿ ಒಣಗುವ ಮೊದಲೇ ಟೇಪ್ ಎಳೆಯಿರಿ, ಅಂಚು ಚೂಪಾಗಿ ಬರುತ್ತದೆ.

ಒಂದು ಗೋಡೆಯನ್ನಾದರೂ ಕಸುಬುದಾರರಿಗೆ ಕೊಡಿ, ಕೂಲಿ ಕೊಟ್ಟು. 2009ರಲ್ಲಿ ಬೆಂಗಳೂರಿನ ದೊಡ್ಡ ರಸ್ತೆಗಳ ಗೋಡೆಗಳಿಗೆ ಸಿನಿಮಾ ಬ್ಯಾನರ್ ಬರೆಯುತ್ತಿದ್ದ ಕಲಾವಿದರು ಹುಲಿ, ಜಲಪಾತ, ಗುಡಿ ಗೋಪುರ ಬರೆದದ್ದು ನಿಮಗೆ ನೆನಪಿರಬಹುದು. ಫ್ಲೆಕ್ಸ್ ಬಂದು ಅವರ ಕೆಲಸ ಕಿತ್ತುಕೊಂಡಿತ್ತು. ಅಂಥ ಹಿರಿಯರೊಬ್ಬರು ನಮ್ಮ ಬೀದಿಯಲ್ಲೇ ಇದ್ದರು. ಅವರು ಅಳತೆಗೋಲು ಇಲ್ಲದೆ ಹದಿನೈದು ಅಡಿ ಉದ್ದದ ಸಂಪಿಗೆ ಕೊಂಬೆ ಎಳೆದಾಗ ಮಕ್ಕಳು ಬಾಯಿ ಬಿಟ್ಟುಕೊಂಡು ನಿಂತಿದ್ದರು. ಮಲೆನಾಡಿನ ಗೋಡೆಚಿತ್ರವಾದ ಹಸೆ ಚಿತ್ತಾರ ಬೇಕು ಅಂತ ಆಸೆಯಾದರೆ ಸಾಗರ, ಸೊರಬ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳನ್ನೇ ಕರೆಸಿ. ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ, ಆ ಎಳೆಗಳ ಲೆಕ್ಕ, ಎಲ್ಲ ಅವರ ಕೈಯಲ್ಲಿದೆ. ಮೊಬೈಲಿನಲ್ಲಿ ಚಿತ್ರ ನೋಡಿ ಇಳಿಸಿಕೊಳ್ಳುವುದು ಅವರ ಸಂಬಳವನ್ನು ಕದ್ದಂತೆ.

ನೆಲ, ಕಟ್ಟೆ ಮತ್ತು ಕೂರುವ ಜನ

ನನ್ನ ಲೆಕ್ಕದಲ್ಲಿ ಇಡೀ ಕೆಲಸದ ಹೃದಯ ಇಲ್ಲಿದೆ. ಗೋಡೆಯ ಚಿತ್ರವನ್ನು ಜನ ನೋಡಿ ಮುಂದೆ ಹೋಗುತ್ತಾರೆ. ನೆಲದ ಚಿತ್ರದ ಮೇಲೆ ನಿಲ್ಲುತ್ತಾರೆ, ಆಡುತ್ತಾರೆ.

ನಾವು ಎರಡು ಕಲ್ಲುಬೆಂಚು ಹಾಕಿಸಿದೆವು. ಒಂದರ ಮಧ್ಯೆ ಚೌಕಾಬಾರದ ಮನೆ ಬರೆದೆವು. ಐದು ಐದು ಇಪ್ಪತ್ತೈದು ಚೌಕ, ಒಂದೊಂದು ನಾಲ್ಕು ಅಂಗುಲ, ನಾಲ್ಕು ಬದಿಯ ನಡುಮನೆ ಮತ್ತು ಒಳಗಿನ ಮನೆಗೆ ಕತ್ತರಿ ಗುರುತು. ಕಲ್ಲಿನ ಮೇಲೆ ಎನಾಮೆಲ್ ಬಣ್ಣ ಚೆನ್ನಾಗಿ ನಿಲ್ಲುತ್ತದೆ. ಇನ್ನೊಂದಕ್ಕೆ ಹುಲಿ-ಕುರಿ ಆಟದ ಗೆರೆ. ನೆಲಕ್ಕೆ ಕುಂಟೆಬಿಲ್ಲೆಯ ಮನೆಗಳು. ಕವಡೆಗಳನ್ನು ಇಸ್ತ್ರಿ ಅಂಗಡಿಯವರ ಬಳಿ ಡಬ್ಬದಲ್ಲಿ ಇಟ್ಟಿದ್ದೇವೆ. ಈಗ ಸಂಜೆ ನಾಲ್ಕೂವರೆಯಾದರೆ ಅಜ್ಜಿಯರು ಜಾಗ ಹಿಡಿಯಲು ಬರುತ್ತಾರೆ. ಕವಡೆ ಬಿದ್ದು 'ಬಾರ' ಎಂದು ಕೂಗಿದ್ದು ನಮ್ಮ ಅಡುಗೆಮನೆಗೆ ಕೇಳಿಸುತ್ತದೆ. ಅವರು ಕೂತಿರುವಾಗ ಯಾರು ತಾನೆ ಕಸದ ಚೀಲ ಎಸೆದಾರು?

ಇಸ್ತ್ರಿ ಅಂಗಡಿಯವರ ಮಾತು ಬಂತಲ್ಲ. ಅವರ ತಳ್ಳುಗಾಡಿ ಮೊದಲು ದೊಡ್ಡ ರಸ್ತೆಯ ಬಿಸಿಲಿನಲ್ಲಿತ್ತು. ಸಂದಿಯ ಬಾಯಲ್ಲಿ ಹೊಂಗೆ ಮರದ ನೆರಳಿದೆ, ಅಲ್ಲಿಗೆ ಬನ್ನಿ ಎಂದು ಕೇಳಿಕೊಂಡೆವು. ಬೆಳಗ್ಗೆ ಏಳರಿಂದ ರಾತ್ರಿ ಎಂಟರವರೆಗೆ ಅವರು ಅಲ್ಲೇ. ಹೂವಿನ ಅಜ್ಜಿಯೂ ಅವರ ಪಕ್ಕಕ್ಕೆ ಬಂದರು. ಯಾವ ಕ್ಯಾಮೆರಾಕ್ಕಿಂತಲೂ ಇವರಿಬ್ಬರು ಜಾಸ್ತಿ ನೋಡುತ್ತಾರೆ, ಮತ್ತು ನೋಡಿದವರನ್ನು ಮಾತಾಡಿಸುತ್ತಾರೆ. ನಿಮ್ಮ ಜಾಗಕ್ಕೆ ಹೊಂದುವವರು ಯಾರು ಎಂದು ಹುಡುಕಿ. ಚಪ್ಪಲಿ ಹೊಲಿಯುವವರೋ, ಎಳನೀರಿನವರೋ, ಸಂಜೆ ಪಾಠ ಹೇಳುವ ಹುಡುಗಿಯೋ. ಅವರ ಕೂರುವ ಜಾಗ, ನೆರಳು, ಕುಡಿಯುವ ನೀರು ಇವನ್ನು ಚಿತ್ರಕ್ಕಿಂತ ಮೊದಲು ನಿಗದಿ ಮಾಡಿ.

ಬೆಳಕು ಮರೆಯಬೇಡಿ. ಹತ್ತು ಹನ್ನೆರಡು ಅಡಿ ಎತ್ತರದಲ್ಲಿ, ನೆಲಕ್ಕೆ ಮುಖ ಮಾಡಿದ ಹಳದಿ ಬೆಳಕಿನ ದೀಪ ಸಾಕು. ಕಣ್ಣಿಗೆ ಹೊಡೆಯುವ ದೊಡ್ಡ ದೀಪ ಹಾಕಿದರೆ ಪಕ್ಕದಲ್ಲಿ ಇನ್ನೂ ಕಪ್ಪು ನೆರಳು ಬೀಳುತ್ತದೆ, ಮನೆಯವರ ನಿದ್ದೆಯೂ ಹಾಳು. ರಾತ್ರಿ ಎಂಟು ಗಂಟೆಗೆ ಹೆಣ್ಣುಮಕ್ಕಳು ಒಬ್ಬೊಬ್ಬರೇ ನಡೆದು ನೋಡಲಿ. ಅವರಿಗೆ ಎಲ್ಲಿ ಹೆಜ್ಜೆ ಜೋರಾಗುತ್ತದೋ ಅಲ್ಲಿ ಇನ್ನೊಂದು ದೀಪ ಬೇಕು.

ಗಿಡದ ವಿಷಯಕ್ಕೆ ಬಂದರೆ, ಸಣ್ಣ ಕುಂಡ ಕಳವಾಗುತ್ತದೆ. ಎತ್ತಲಾಗದಂಥ ಸಿಮೆಂಟ್ ಕುಂಡ ಇಡಿ. ಬೀದಿ ಹಸು ಮುಟ್ಟದ ಸ್ನೇಕ್ ಪ್ಲಾಂಟ್, ಕಾಗದದ ಹೂವಿನ ಬಳ್ಳಿ ಬೆಳೆಯುತ್ತವೆ. ಕಣಗಿಲೆಯನ್ನೂ ಹಸು ತಿನ್ನುವುದಿಲ್ಲ, ಆದರೆ ಅದು ವಿಷ. ಮಕ್ಕಳು ಆಡುವ ಕಡೆ ಬೇಡ. ಮ್ಯಾನ್‌ಹೋಲ್ ಮೇಲೆ ಕುಂಡ ಇಡಬೇಡಿ.

ಚೆಂದ ಆದ ಮೇಲಿನ ಅಪಾಯ

ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಗ್ರಾನ್‌ಬಿ ಎಂಬ ನಾಲ್ಕು ಬೀದಿಗಳ ಕೇರಿ ಇದೆ. 1981ರ ಗಲಭೆಯ ನಂತರ ಮನೆಗಳು ಖಾಲಿಯಾಗುತ್ತಾ, ಒಡೆಯುತ್ತಾ ಹೋದವು. ಉಳಿದುಕೊಂಡ ನಿವಾಸಿಗಳು ಗುಡಿಸಿದರು, ಗಿಡ ನೆಟ್ಟರು, ಮುಚ್ಚಿದ ಕಿಟಕಿಗಳಿಗೆ ಬಣ್ಣ ಬಳಿದರು, ಬೀದಿಯಲ್ಲಿ ತಿಂಗಳ ಸಂತೆ ನಡೆಸಿದರು. ಆಮೇಲೆ ಅವರು ಮಾಡಿದ್ದು ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುತ್ತದೆ. 2011ರಲ್ಲಿ ಭೂಮಿ ಟ್ರಸ್ಟ್ (ಜಾಗವನ್ನು ಸಮುದಾಯದ ಹೆಸರಿನಲ್ಲಿ ಇಟ್ಟುಕೊಳ್ಳುವ ಸಂಸ್ಥೆ) ಕಟ್ಟಿಕೊಂಡು, ರಿಪೇರಿಯಾದ ಮನೆಗಳು ಅಲ್ಲಿನವರ ಕೈಗೆಟುಕುವ ಹಾಗೆ ನೋಡಿಕೊಂಡರು. ಅವರ ಜೊತೆ ಕೆಲಸ ಮಾಡಿದ 'ಅಸೆಂಬಲ್' ಎಂಬ ವಿನ್ಯಾಸಕಾರರ ಗುಂಪಿಗೆ 2015ರಲ್ಲಿ ಬ್ರಿಟನ್ನಿನ ಹೆಸರಾಂತ ಕಲಾ ಪ್ರಶಸ್ತಿಯಾದ ಟರ್ನರ್ ಪ್ರಶಸ್ತಿ ಬಂತು. ಪ್ರಶಸ್ತಿಗಿಂತ ಬಹಳ ಮೊದಲೇ ಪೊರಕೆ ಹಿಡಿದವರು ಆ ಬೀದಿಯ ಹೆಂಗಸರು.

ನಮ್ಮ ಸಂದಿ ಚೆಂದ ಆದ ಮೇಲೆ ಅಲ್ಲಿ ಕೆಫೆ ತೆರೆಯಲು ವಿಚಾರಿಸಿಕೊಂಡು ಬಂದವರಿದ್ದಾರೆ. ಬಾಡಿಗೆ ಏರುತ್ತದೆ, ಮೊದಲು ಹೊರಬೀಳುವವರು ಇಸ್ತ್ರಿಯವರು, ಹೂವಿನ ಅಜ್ಜಿ. ಅದಕ್ಕೆ ಮೊದಲೇ ಕಟ್ಟುಪಾಡು ಮಾಡಿಕೊಳ್ಳಿ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಡಿ ಅವರಿಗೆ ಗುರುತಿನ ಚೀಟಿ ಮಾಡಿಸಿಕೊಡಿ. ಸಂದಿಯ ಸಭೆಯ ಪುಸ್ತಕದಲ್ಲಿ ಅವರ ಜಾಗವನ್ನು ಬರೆದು ಎಲ್ಲರೂ ಸಹಿ ಹಾಕಿ. ನಮ್ಮ ಸಭೆಯಲ್ಲಿ ಬಾಡಿಗೆದಾರರಿಗೂ ಗಾಡಿಯವರಿಗೂ ಮನೆ ಮಾಲೀಕರಷ್ಟೇ ಮಾತಿದೆ.

ದುಡ್ಡು ಮತ್ತು ನಿತ್ಯದ ಕೆಲಸ

ಮನೆಗೆ ಇಷ್ಟು ಎಂದು ಕಡ್ಡಾಯ ಮಾಡಬೇಡಿ. ಕೆಲವರು ದುಡ್ಡು ಕೊಡುತ್ತಾರೆ, ಕೆಲವರು ಉಪ್ಪಿಟ್ಟು ಮಾಡಿಕೊಡುತ್ತಾರೆ, ಕೆಲವರು ಏಣಿ ಕೊಡುತ್ತಾರೆ. ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಬರೆಯಿರಿ. ಜಮಾ ಖರ್ಚನ್ನು ತಿಂಗಳಿಗೊಮ್ಮೆ ಸಂದಿಯ ಬೋರ್ಡಿಗೆ ಅಂಟಿಸಿ. ಗೋಡೆಯ ಮೇಲೆ ತಮ್ಮ ಹೆಸರು ಬರೆಸಬೇಕು ಎನ್ನುವವರ ದುಡ್ಡು ಬೇಡ.

ಕಸ ಮತ್ತೆ ಬೀಳುತ್ತದೆ. ಬಿದ್ದ ಬೆಳಗ್ಗೆಯೇ ಸರದಿಯವರು ಎತ್ತಲಿ. ಒಂದು ಚೀಲ ಇಡೀ ದಿನ ಇದ್ದರೆ ಸಂಜೆಗೆ ನಾಲ್ಕಾಗುತ್ತದೆ. ಫೋಟೋ ಹಾಕಿ ಅವಮಾನ ಮಾಡುವುದು ಬೇಡ. ಸಾಮಾನ್ಯವಾಗಿ ಅದು ಹೊಸದಾಗಿ ಬಾಡಿಗೆಗೆ ಬಂದ ಮನೆಯವರದು. ಹೋಗಿ ಬಾಗಿಲು ತಟ್ಟಿ, ಆಟೋ ಬರುವ ಹೊತ್ತು ಬರೆದ ಚೀಟಿ ಕೊಡಿ, ಡ್ರಮ್ ಎಲ್ಲಿದೆ ತೋರಿಸಿ, ಚೌಕಾಬಾರಕ್ಕೆ ಕರೆಯಿರಿ.

ಕೆಳಗಿನ ಕೆಂಪು ಪಟ್ಟಿಯನ್ನು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದು ದೀಪಾವಳಿ ಬರುವ ಮೊದಲು ಮತ್ತೆ ಬಳಿಯಿರಿ. ಆಟದ ಗೆರೆಗಳು ಬೇಗ ಸವೆಯುತ್ತವೆ, ಯುಗಾದಿ ಹೊತ್ತಿಗೆ ತಿದ್ದಿ. ಉಳಿದ ಬಣ್ಣದ ಡಬ್ಬಗಳ ಮೇಲೆ ಶೇಡ್ ನಂಬರ್, ಯಾವ ಗೋಡೆಗೆ ಬಳಿದದ್ದು, ತಿಂಗಳು ಎಲ್ಲ ಬರೆದು, ಮುಚ್ಚಳ ಬಿಗಿ ಮಾಡಿ ತಂಪಾದ ಕಡೆ ಇಡಿ. ಪೈಪಿಗಾಗಿ ಅಗೆಯಲು ಯಾರಾದರೂ ಬಂದರೆ ಕೆಲಸ ಶುರುವಾಗುವ ಮುನ್ನ ನೆಲದ, ಗೋಡೆಯ ಫೋಟೋ ತೆಗೆದು, ಹಾಗೆಯೇ ಮುಚ್ಚಿಕೊಡುವುದಾಗಿ ಬರೆಸಿಕೊಂಡು, ಆ ಹಾಳೆಯನ್ನೂ ಸಭೆಯ ಪುಸ್ತಕಕ್ಕೆ ಅಂಟಿಸಿ.